ಬಳಗಾನೂರಿನ ಮದುವೆ ಆಲ್ಬಮ್ಮಿಗೆ ಎಂಥ ಪರದೆ ಬೇಕು?

ಮದುವೆ ಆಲ್ಬಮ್ಮಿನ ಒಂದು ಶೀಟು ಬಿಚ್ಚಿ ಹಾಸಿದರೆ 12 ಇಂಚು ಎತ್ತರ, 36 ಇಂಚು ಅಗಲ. ನಮ್ಮ ಕಡೆ ಸ್ಟುಡಿಯೋಗಳಲ್ಲಿ ಹೆಚ್ಚು ಓಡುವ ಅಳತೆಗಳಲ್ಲಿ ಇದೂ ಒಂದು. ಲ್ಯಾಬಿನವರು ಇಂಚಿಗೆ 300 ಚುಕ್ಕಿ ಕೇಳುವುದರಿಂದ ಫೋಟೋಶಾಪ್‌ನಲ್ಲಿ ಅದು 10,800 ಪಿಕ್ಸೆಲ್ ಅಗಲದ, 3,600 ಪಿಕ್ಸೆಲ್ ಎತ್ತರದ ಹಾಳೆಯಾಗುತ್ತದೆ. ಎಡಗಡೆ ಅರಿಶಿನ ಹಚ್ಚುವ ಶಾಸ್ತ್ರ, ನಡುವೆ ತಾಳಿ ಕಟ್ಟುವ ಗಳಿಗೆ, ಬಲಗಡೆ ಅಕ್ಕಿಕಾಳು ಹಾಕುತ್ತಿರುವ ಬೀಗರು. ಮೂರಕ್ಕೆ ಒಂದರ ಲೆಕ್ಕದ ಈ ಉದ್ದನೆಯ ಹಾಳೆಯನ್ನು 1366 ಪಿಕ್ಸೆಲ್ ಅಗಲದ ಹಳೆಯ ಹತ್ತೊಂಬತ್ತು ಇಂಚಿನ ಮಾನಿಟರಿನಲ್ಲಿ ತೆರೆದರೆ ಕಣ್ಣಿಗೆ ಸಿಗುವುದು 455 ಪಿಕ್ಸೆಲ್ ಎತ್ತರದ ಒಂದು ಪಟ್ಟಿ. ಪಕ್ಕದಲ್ಲಿ ಲೇಯರ್‌ಗಳ ಕಿಟಕಿ ಇಟ್ಟುಕೊಂಡರೆ ಅದೂ ಕುಗ್ಗುತ್ತದೆ. ಮದುಮಗಳ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ನೋಡಲು ಪ್ರತಿ ಸಲ ಝೂಮ್ ಮಾಡಬೇಕು, ಮತ್ತೆ ಹಿಂದಕ್ಕೆ ಬರಬೇಕು.

ಮಸ್ಕಿ ತಾಲ್ಲೂಕಿನ ಬಳಗಾನೂರಿನಂಥ ಊರಿನಲ್ಲಿ ಸ್ಟುಡಿಯೋ ನಡೆಸುವವರಿಗೆ ಅಗಲವಾದ ಮಾನಿಟರು ಶೋಕಿಯ ವಸ್ತುವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಈ ಭತ್ತದ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಮದುವೆಗಳ ಸಾಲು ಹಿಡಿಯುತ್ತದೆ. ಒಂದೊಂದು ಮದುವೆಗೂ ಆಲ್ಬಂ, ವಿಡಿಯೋ, ಕಾಲುವೆ ದಂಡೆಯ ಮೇಲೆ ತೆಗೆದ ಪ್ರೀ-ವೆಡ್ಡಿಂಗ್ ಹಾಡು, ಮಂಟಪದ ಮುಂದಿನ ಫ್ಲೆಕ್ಸು. ಇವೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಪರದೆಯ ಮುಂದೆ ತಯಾರಾಗುತ್ತವೆ. ಕ್ಯಾಮೆರಾಕ್ಕೆ ಲಕ್ಷಗಟ್ಟಲೆ ಸುರಿದವರು ಆ ಪರದೆಗೆ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ಅತಿ ಅಗ್ಗದ್ದನ್ನು ತರುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ. ಸಿಂಧನೂರಿನ ಮಾರುಕಟ್ಟೆಯಲ್ಲಿ ಭತ್ತದ ಚೀಲ ಇಡುವ ತೂಕದ ಯಂತ್ರ ಎಷ್ಟು ನಿಖರವಾಗಿರಬೇಕೋ ಎಡಿಟಿಂಗ್ ಮಾನಿಟರೂ ಅಷ್ಟೇ ನಿಖರವಾಗಿರಬೇಕು. ಬಣ್ಣವನ್ನು ಅಳೆಯುವುದು ಅದರ ಮೊದಲ ಕೆಲಸ, ಅಗಲ ಎರಡನೆಯದು.

ಆದರೂ ಅಗಲದಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಜನ ಏಮಾರುವುದು ಅಲ್ಲಿಯೇ. ಮಾನಿಟರಿನ ಇಂಚನ್ನು ಮೂಲೆಯಿಂದ ಮೂಲೆಗೆ, ಕರ್ಣದಲ್ಲಿ ಅಳೆಯುತ್ತಾರೆ. ಒಂದೇ ಕರ್ಣವಿಟ್ಟುಕೊಂಡು ಆಯತವನ್ನು ಉದ್ದಕ್ಕೆ ಎಳೆಯುತ್ತ ಹೋದಂತೆ ಅದರ ವಿಸ್ತೀರ್ಣ ಕುಗ್ಗುತ್ತದೆ. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಸಾಕು ಇದನ್ನು ಕಂಡುಕೊಳ್ಳಲು. 27 ಇಂಚಿನ ಸಾಮಾನ್ಯ ಅಗಲದ, ಅಂದರೆ 16:9ರ ಮಾನಿಟರು ಸುಮಾರು 23.5 ಇಂಚು ಅಗಲ, 13.2 ಇಂಚು ಎತ್ತರವಿರುತ್ತದೆ. ವಿಸ್ತೀರ್ಣ ಸುಮಾರು 311 ಚದರ ಇಂಚು. 29 ಇಂಚಿನ ‘ಅಲ್ಟ್ರಾವೈಡ್’, ಅಂದರೆ 21:9ರದ್ದು, 26.7 ಇಂಚು ಅಗಲ, 11.3 ಇಂಚು ಎತ್ತರ. ವಿಸ್ತೀರ್ಣ 301 ಚದರ ಇಂಚು ಮಾತ್ರ. ಡಬ್ಬಿಯ ಮೇಲಿನ ಅಂಕಿ ಎರಡು ಇಂಚು ಹೆಚ್ಚು, ಮೇಜಿನ ಮೇಲಿನ ಗಾಜು ಹತ್ತು ಚದರ ಇಂಚು ಕಡಿಮೆ! ಎತ್ತರದಲ್ಲಂತೂ ಅದು 24 ಇಂಚಿನ ಸಾಮಾನ್ಯ ಮಾನಿಟರಿಗಿಂತಲೂ ಗಿಡ್ಡ. ಅದೇ 34 ಇಂಚಿನ ಅಲ್ಟ್ರಾವೈಡ್ 31.4 ಇಂಚು ಅಗಲವಿದ್ದು, ಎತ್ತರದಲ್ಲಿ 27 ಇಂಚಿನದಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ನಮ್ಮ 12×36ರ ಶೀಟು ಅದರ ಮೇಲೆ ನಿಜವಾದ ಅಳತೆಯ ಶೇಕಡ 87ರಷ್ಟು ದೊಡ್ಡದಾಗಿ ಕಾಣುತ್ತದೆ. ಆಲ್ಬಂ ವಿನ್ಯಾಸವೇ ಮುಖ್ಯ ಕಸುಬಾದವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಈ 16:9 ಎಲ್ಲಿಂದ ಬಂತು ಅನ್ನುವುದಕ್ಕೂ ಸ್ವಾರಸ್ಯದ ಕತೆಯಿದೆ. ಹಳೆಯ ಟಿ.ವಿ.ಯ ಆಕಾರ 4:3, ಅಂದರೆ 1.33. ಸಿನಿಮಾದವರು ಟಿ.ವಿ.ಗೆ ಸಡ್ಡು ಹೊಡೆಯಲು ಪರದೆಯನ್ನು ಅಗಲಿಸುತ್ತ ಹೋದರು. 1953ರಲ್ಲಿ ಹಾಲಿವುಡ್‌ನಲ್ಲಿ ಸಿನಿಮಾಸ್ಕೋಪ್ ಬಂತು. ಕನ್ನಡಕ್ಕೆ ಅದು ತಲುಪಿದ್ದು 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ ಚಿತ್ರದಲ್ಲಿ. ಸ್ಕೋಪ್ ಚಿತ್ರಗಳ ಅನುಪಾತ ಸುಮಾರು 2.35. 1980ರ ದಶಕದಲ್ಲಿ ಹೊಸ ಟಿ.ವಿ.ಗೆ ಯಾವ ಆಕಾರ ಎಂಬ ಚರ್ಚೆ ಎದ್ದಾಗ ಕರ್ನ್ಸ್ ಪವರ್ಸ್ ಎಂಬ ಅಮೆರಿಕದ ಎಂಜಿನಿಯರು ಎಲ್ಲ ಅನುಪಾತಗಳ ಆಯತಗಳನ್ನೂ ಒಂದೇ ವಿಸ್ತೀರ್ಣಕ್ಕೆ ಇಳಿಸಿ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲವನ್ನೂ ಒಳಗೊಳ್ಳುವ ಹೊರ ಆಯತವೂ ಎಲ್ಲಕ್ಕೂ ಸೇರಿದ ಒಳ ಆಯತವೂ ಒಂದೇ ಆಕಾರದವಾಗಿದ್ದವು: 1.77. 1.33 ಮತ್ತು 2.35ನ್ನು ಗುಣಿಸಿ ವರ್ಗಮೂಲ ತೆಗೆದರೂ ಅದೇ ಸಂಖ್ಯೆ. 16ನ್ನು 9ರಿಂದ ಭಾಗಿಸಿದರೂ ಹೆಚ್ಚುಕಡಿಮೆ ಅದೇ. ಎರಡು ಲೋಕಗಳ ನಡುವಿನ ರಾಜಿ ಅದು. ನಮ್ಮ ವಿಡಿಯೋಗಳೂ ಇದೇ 16:9ರ ಆಕಾರದವು. ಹಾಗಾಗಿ 2560×1080ರ ಅಲ್ಟ್ರಾವೈಡ್ ಪರದೆಯಲ್ಲಿ 1920×1080ರ ಫುಲ್ ಎಚ್‌ಡಿ ವಿಡಿಯೋ ಪೂರ್ಣ ಗಾತ್ರದಲ್ಲಿ ಕೂತ ಮೇಲೂ ಪಕ್ಕದಲ್ಲಿ 640 ಪಿಕ್ಸೆಲ್ ಉಳಿಯುತ್ತದೆ. ಎಡಿಯಸ್ ಅಥವಾ ರಿಸಾಲ್ವ್‌ನಲ್ಲಿ ಕ್ಲಿಪ್ಪುಗಳ ಪಟ್ಟಿ ಇಡಲು ಅದು ಒಳ್ಳೆಯ ಜಾಗ. ಆದರೆ ಕೆಳಗೆ ಟೈಮ್‌ಲೈನ್ ಹಾಸಿದ ಕೂಡಲೇ ಎತ್ತರದ ಕೊರತೆ ಕಾಡತೊಡಗುತ್ತದೆ. ಮೂರು ವಿಡಿಯೋ ಟ್ರ್ಯಾಕ್, ವಾಲಗದ ಸದ್ದಿಗೊಂದು, ಹಾಡಿಗೊಂದು ಟ್ರ್ಯಾಕ್ ಇಟ್ಟುಕೊಂಡು ಕೆಲಸ ಮಾಡುವವರಿಗೆ 1080 ಪಿಕ್ಸೆಲ್ ಎತ್ತರ ಸಾಲದು, 1440 ಬೇಕು.

ಪಿಕ್ಸೆಲ್ ಎಷ್ಟು ಸಣ್ಣದಿರಬೇಕು? ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. ಎರಡಡಿ ದೂರದಲ್ಲಿ ಕೂತವರಿಗೆ ಇದು ಸುಮಾರು 0.18 ಮಿಲಿಮೀಟರ್. 27 ಇಂಚಿನ ಫುಲ್ ಎಚ್‌ಡಿ ಮಾನಿಟರಿನ ಪಿಕ್ಸೆಲ್ 0.31 ಮಿಮೀ; ಮದುಮಗನ ಬಾಸಿಂಗದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದೇ 27 ಇಂಚಿನಲ್ಲಿ 2560×1440 ಆದರೆ 0.23 ಮಿಮೀ. 34 ಇಂಚಿನ 3440×1440 ಕೂಡ ಅಷ್ಟೇ. 4ಕೆಯಲ್ಲಿ 0.16ಕ್ಕೆ ಇಳಿಯುತ್ತದೆ, ಕಣ್ಣಿನ ಮಿತಿಯನ್ನೂ ದಾಟುತ್ತದೆ. ಆದರೆ ಹಳೆಯ ಕಂಪ್ಯೂಟರು ಅಷ್ಟು ಪಿಕ್ಸೆಲ್ಲುಗಳನ್ನು ಎಳೆದಾಡಲು ಏದುಸಿರು ಬಿಡುತ್ತದೆ. ಮಧ್ಯಮ ದುಡ್ಡಿಗೆ 0.23 ಒಳ್ಳೆಯ ಜಾಗ. 27 ಇಂಚಿನ ಫುಲ್ ಎಚ್‌ಡಿಯನ್ನು ಮಾತ್ರ ಎಡಿಟಿಂಗಿಗೆ ಕೊಳ್ಳಬೇಡಿ. ದೊಡ್ಡದಾಗಿ ಕಾಣುತ್ತದೆ, ಹೆಚ್ಚೇನನ್ನೂ ತೋರಿಸುವುದಿಲ್ಲ.

ಈಗ ಗಾಜಿನ ಒಳಗೆ ಹೋಗೋಣ. ಬೆರಳ ತುದಿಯಿಂದ ಒಂದೇ ಒಂದು ಸಣ್ಣ ನೀರಹನಿಯನ್ನು ಮೊಬೈಲಿನ ಬಿಳಿ ಪರದೆಯ ಮೇಲೆ ಸಿಡಿಸಿ ನೋಡಿ. ಹನಿ ಭೂತಗನ್ನಡಿಯ ಕೆಲಸ ಮಾಡುತ್ತದೆ, ಬಿಳಿ ಒಡೆದು ಕೆಂಪು, ಹಸಿರು, ನೀಲಿಯ ಕಣಗಳಾಗಿ ಮಿನುಗುತ್ತದೆ. ಪರದೆಯ ಮೇಲೆ ಬಿಳಿ ಎಂಬ ಬಣ್ಣವೇ ಇಲ್ಲ. ಅರಿಶಿನದ ಹಳದಿಯೂ ಇಲ್ಲ. ಕೆಂಪು ಮತ್ತು ಹಸಿರು ಪಕ್ಕಪಕ್ಕದಲ್ಲಿ ಉರಿದಾಗ ನಮ್ಮ ಕಣ್ಣಿನ ಮೂರು ಬಗೆಯ ಶಂಕುಕೋಶಗಳು ಅದನ್ನು ಹಳದಿಯೆಂದು ಓದಿಕೊಳ್ಳುತ್ತವೆ. ಮೂರು ಬಣ್ಣಕ್ಕೂ ತಲಾ 256 ಮೆಟ್ಟಿಲುಗಳಿದ್ದರೆ ಒಟ್ಟು 1,67,77,216 ಛಾಯೆಗಳು, ಜಾಹೀರಾತಿನ ‘16.7 ಮಿಲಿಯನ್ ಬಣ್ಣ’ ಇದೇ. ಕೆಲವು ಅಗ್ಗದ ಫಲಕಗಳಲ್ಲಿ ನಿಜಕ್ಕೂ ಇರುವುದು ಬಣ್ಣಕ್ಕೆ 64 ಮೆಟ್ಟಿಲು ಮಾತ್ರ. ಉಳಿದವನ್ನು ಎರಡು ಛಾಯೆಗಳ ನಡುವೆ ವೇಗವಾಗಿ ಅದಲುಬದಲು ಮಾಡಿ ಕಣ್ಣಿಗೆ ಇದ್ದಂತೆ ತೋರಿಸುತ್ತವೆ. ಸಂಜೆಯ ಆಕಾಶದ ನುಣುಪಾದ ಇಳಿಜಾರಿನಲ್ಲಿ ಪಟ್ಟೆ ಪಟ್ಟೆ ಎದ್ದರೆ ಇದೂ ಒಂದು ಕಾರಣವಿರಬಹುದು.

ಎಲ್‌ಸಿಡಿ ಮಾನಿಟರುಗಳಲ್ಲಿ ಈ ಕಣಗಳ ಹಿಂದೆ ಒಂದು ಬಿಳಿ ದೀಪದ ಹಾಸು ಸದಾ ಉರಿಯುತ್ತಿರುತ್ತದೆ. ಈಗಿನ ಬಿಳಿ ಎಲ್‌ಇಡಿ ದೀಪ ಸಾಧ್ಯವಾದದ್ದು ನೀಲಿ ಎಲ್‌ಇಡಿಯಿಂದ. ಅದನ್ನು ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ದೀಪ ಮತ್ತು ಕಣ್ಣಿನ ನಡುವೆ ಬೆಳಕಿಗೆ ದಾರಿ ಬಿಡುವ, ತಡೆಯುವ ಕೆಲಸ ದ್ರವಸ್ಫಟಿಕದ್ದು. 1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ರೈನಿಟ್ಜರ್ ಒಂದು ಕೊಲೆಸ್ಟರಾಲ್ ಸಂಯುಕ್ತವನ್ನು ಕಾಯಿಸಿದಾಗ ಅದು 145.5 ಡಿಗ್ರಿಗೆ ಕರಗಿ ಕದಡಿದ ದ್ರವವಾಯಿತು, 178.5 ಡಿಗ್ರಿಗೆ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗುಬಿಂದು! ನಡುವಿನ ಆ ಕದಡಿದ ಸ್ಥಿತಿಯಲ್ಲಿ ಅಣುಗಳು ದ್ರವದಂತೆ ಹರಿಯುತ್ತವೆ, ಸ್ಫಟಿಕದಂತೆ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುತ್ತವೆ. ವಿದ್ಯುತ್ ಕೊಟ್ಟರೆ ದಿಕ್ಕು ಬದಲಿಸುತ್ತವೆ. ಎರಡು ಧ್ರುವೀಕರಣ ಹಾಳೆಗಳ ನಡುವೆ ಕೆಲವೇ ಮೈಕ್ರೊಮೀಟರ್ ದಪ್ಪದ ಈ ಪದರ ಇಟ್ಟರೆ ಬೆಳಕಿನ ಕೀಲಿ ಕೈಗೆ ಬಂದಂತೆ.

ಈ ಕತೆಯಲ್ಲಿ ಕರ್ನಾಟಕದ ಪಾಲು ದೊಡ್ಡದು, ನಮ್ಮವರಿಗೆ ಗೊತ್ತಿರುವುದು ಕಡಿಮೆ. ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಕಲಿತ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ಕಟ್ಟಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯ ತೆರೆದರು. (ನಕ್ಷತ್ರಗಳ ಮಿತಿಗೆ ಹೆಸರಾದ ನೊಬೆಲ್ ಚಂದ್ರಶೇಖರ್ ಬೇರೆ.) ಅಲ್ಲಿಯತನಕ ತಿಳಿದಿದ್ದ ದ್ರವಸ್ಫಟಿಕಗಳೆಲ್ಲ ಕಡ್ಡಿಯಾಕಾರದ ಅಣುಗಳವು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿ, ‘ಪ್ರಮಾಣ’ ಎಂಬ ನಮ್ಮದೇ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಅದು ಶುದ್ಧ ಕುತೂಹಲದ ಸಂಶೋಧನೆ. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ತಟ್ಟೆಯಾಕಾರದ ಅಣುಗಳನ್ನು ಹಾಸಿದ ತೆಳು ಹಾಳೆಯೊಂದನ್ನು ತಯಾರಿಸಿತು. ಪಕ್ಕದಿಂದ ನೋಡಿದರೆ ಬಣ್ಣ ಕೆಡುವ ರೋಗವಿದ್ದ ಆಗಿನ ಪರದೆಗಳಿಗೆ ಅದನ್ನು ಅಂಟಿಸಿದಾಗ ನೋಟದ ಕೋನ ಅಗಲವಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ಅರಿವು ಜಗತ್ತಿನ ಮೇಜುಗಳನ್ನು ತಲುಪಿದ್ದು ಹೀಗೆ.

ಆ ರೋಗವಿದ್ದ ಪರದೆಗಳ ಹೆಸರು ಟಿಎನ್. ಇಂದಿಗೂ ಕೆಲವು ತೀರಾ ಅಗ್ಗದ ಮಾನಿಟರುಗಳಲ್ಲಿ ಇದೆ. ಕುರ್ಚಿಯಿಂದ ಅರ್ಧ ಎದ್ದರೂ ಫೋಟೋ ಬೆಳ್ಳಗಾಗುತ್ತದೆ, ತಗ್ಗಿದರೆ ಕಪ್ಪಾಗುತ್ತದೆ. ಫೋಟೋ ಕೆಲಸಕ್ಕೆ ಇದನ್ನು ಮುಟ್ಟಬೇಡಿ. ಅಣುಗಳು ಗಾಜಿಗೆ ಸಮಾಂತರವಾಗಿಯೇ ತಿರುಗುವ ಐಪಿಎಸ್ ವಿಧಾನವನ್ನು 1996ರಲ್ಲಿ ಹಿಟಾಚಿ ಮಾರುಕಟ್ಟೆಗೆ ತಂದಿತು. ಬಣ್ಣ ಸ್ಥಿರವಾಗಿ ನಿಲ್ಲುವುದು ಇದರಲ್ಲೇ. ಇನ್ನೊಂದು ವಿಎ. ಅದರ ಕಪ್ಪು ಬಹಳ ಆಳ: ಐಪಿಎಸ್‌ನಲ್ಲಿ ಬಿಳಿ–ಕಪ್ಪಿನ ಅನುಪಾತ ಸಾಮಾನ್ಯವಾಗಿ 1000:1 ಇದ್ದರೆ ವಿಎಯಲ್ಲಿ 3000:1. ಸಿನಿಮಾ ನೋಡಲು ಚೆಂದ. ಎಡಿಟಿಂಗಿನಲ್ಲಿ ಒಂದು ತೊಡಕಿದೆ: ನೇರವಾಗಿ ನೋಡಿದಾಗ ಗಾಢ ಛಾಯೆಗಳು ಒಂದರಲ್ಲೊಂದು ಕರಗಿಹೋಗುತ್ತವೆ, ತುಸು ಪಕ್ಕಕ್ಕೆ ಸರಿದರೆ ಬಿಚ್ಚಿಕೊಳ್ಳುತ್ತವೆ. ಬಳಗಾನೂರಿನವರಿಗೆ ಹತ್ತಿರದ ಮಸ್ಕಿಯ ಬಂಡೆಯನ್ನೇ ತೆಗೆದುಕೊಳ್ಳಿ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ, ಅಶೋಕನ ಹೆಸರನ್ನೇ ಹೊತ್ತ ಶಾಸನ ಅದು. ಒರಟು ಕಲ್ಲಿನ ಮೈಗೂ ಸವೆದ ಅಕ್ಷರದ ಗೀರಿಗೂ ನಡುವೆ ಇರುವುದು ಬೂದು ಬಣ್ಣದ ಕೆಲವೇ ಮೆಟ್ಟಿಲುಗಳ ವ್ಯತ್ಯಾಸ. ಅಂಥ ಫೋಟೋವನ್ನು ಅಗ್ಗದ ವಿಎ ಪರದೆಯಲ್ಲಿ ತೆರೆದು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ, ನೆರಳಿನ ಭಾಗದ ಗೀರುಗಳು ಕಾಣಿಸಿಕೊಂಡು ಮಾಯವಾಗುವುದನ್ನು ನೋಡಬಹುದು. ಅಗ್ಗದ ಅಲ್ಟ್ರಾವೈಡ್‌ಗಳಲ್ಲಿ ಬಹಳಷ್ಟು ಬಾಗಿದ ವಿಎಗಳು ಎಂಬುದು ನೆನಪಿರಲಿ. ಬಾಗು ಆಟಕ್ಕೆ ಸರಿ. ಶೀಟಿನಲ್ಲಿ ಚೌಕಟ್ಟುಗಳನ್ನು ನೇರಕ್ಕೆ ಕೂಡಿಸುವವರಿಗೆ ಚಪ್ಪಟೆ ಪರದೆಯೇ ವಾಸಿ.

ಇನ್ನು ಬಣ್ಣದ ವಿಸ್ತಾರ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಗೋಲನ್ನು ಗೊತ್ತುಮಾಡಿದವು. ಎಚ್‌ಡಿ ಟಿ.ವಿ.ಯ ಮೂಲವರ್ಣಗಳೂ ಅವೇ. ಆಲ್ಬಂ ಲ್ಯಾಬು, ಯೂಟ್ಯೂಬ್, ವಾಟ್ಸ್ಆ್ಯಪ್ ಎಲ್ಲವೂ ಬಹುಮಟ್ಟಿಗೆ ಇದರ ಮೇಲೆಯೇ ನಡೆಯುತ್ತವೆ. ಹಾಗಾಗಿ ಡಬ್ಬಿಯ ಮೇಲೆ ‘99% ಎಸ್‌ಆರ್‌ಜಿಬಿ’ ಇದೆಯೇ ನೋಡಿ. ಕೆಲವರು ‘72% ಎನ್‌ಟಿಎಸ್‌ಸಿ’ ಎಂದು ಬರೆಯುತ್ತಾರೆ. ಅದು 1953ರ ಅಮೆರಿಕದ ಟಿ.ವಿ. ಅಳತೆ, ವಿಸ್ತೀರ್ಣದ ಲೆಕ್ಕದಲ್ಲಿ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿಗೆ ಸಮ. ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಅಲ್ಲೇ ಬಿಟ್ಟು ಬನ್ನಿ, ಎಸ್‌ಆರ್‌ಜಿಬಿಯ ಮೂರರಲ್ಲಿ ಎರಡು ಪಾಲೂ ಅದರಲ್ಲಿ ಸಿಗುವುದು ಕಷ್ಟ.

ಇದರ ಫಲ ಹೇಗಿರುತ್ತದೆ ಎಂದು ಚೆಂಡುಹೂವಿನ ಹಾರದಲ್ಲಿ ನೋಡಬೇಕು. ಆ ಕಿತ್ತಳೆ ಎಷ್ಟು ಉಜ್ವಲವೆಂದರೆ ಎಸ್‌ಆರ್‌ಜಿಬಿಯ ಅಂಚನ್ನೇ ಮೀರಿರುತ್ತದೆ. ಫೈಲಿನಲ್ಲಿ ಕೆಂಪಿನ ಅಂಕಿ 255ಕ್ಕೆ ಮುಟ್ಟಿ ನಿಲ್ಲುತ್ತದೆ, ನೀಲಿ ಸೊನ್ನೆಗೆ ಇಳಿಯುತ್ತದೆ. ಎಸಳುಗಳ ಮಡಿಕೆ ಉಳಿದಿರುವುದು ಹಸಿರಿನ ಅಂಕಿಗಳಲ್ಲಿ ಮಾತ್ರ. ಬಣ್ಣ ಕಡಿಮೆ ತೋರಿಸುವ ಪರದೆಯಲ್ಲಿ ಈ ಹಾರ ಮಂಕಾಗಿ ಕಾಣುತ್ತದೆ. ಎಡಿಟರ್ ಸ್ಯಾಚುರೇಷನ್ ಏರಿಸುತ್ತಾನೆ. ಹಸಿರಿನ ಅಂಕಿಗಳೂ ಒತ್ತಿ ಹೋಗುತ್ತವೆ. ಆಲ್ಬಮ್ಮಿನಲ್ಲಿ ಹೂವಿನ ಬದಲು ಒಂದು ಕಿತ್ತಳೆ ಕಲೆ ಬರುತ್ತದೆ. ತದ್ವಿರುದ್ಧವೂ ಇದೆ: ಬಹಳ ವಿಸ್ತಾರದ ಬಣ್ಣ ತೋರಿಸುವ ಪರದೆಯನ್ನು ಹಾಗೆಯೇ ಬಳಸಿದರೆ ಎಲ್ಲವೂ ಅತಿಯಾಗಿ ಕಂಡು, ಎಡಿಟರ್ ಬಣ್ಣ ಇಳಿಸಿ, ಪ್ರಿಂಟು ಸಪ್ಪೆಯಾಗುತ್ತದೆ. ಅಂಥ ಮಾನಿಟರಿನ ಮೆನುವಿನಲ್ಲಿ ಎಸ್‌ಆರ್‌ಜಿಬಿ ಮೋಡ್ ಇರಲೇಬೇಕು, ಅದನ್ನು ಹಾಕಿಯೇ ಕೆಲಸ ಮಾಡಬೇಕು.

ಇಳಕಲ್ ಸೀರೆಯ ಕೆಂಪು ಸೆರಗಿನಲ್ಲಿ ಸಮಸ್ಯೆ ಬೇರೆ. ಆ ಕೆಂಪಿನ ಮೇಲೆ ಬಿಳಿ ತೆನೆಗಳ ಸಾಲು ಇರುತ್ತದಲ್ಲ, ವಿಡಿಯೋದಲ್ಲಿ ಅದರ ಅಂಚು ಕದಡಿದಂತೆ ಕಾಣುತ್ತದೆ. ಇದು ಮಾನಿಟರಿನ ತಪ್ಪಲ್ಲ. ನಮ್ಮ ಬಹುತೇಕ ಕ್ಯಾಮೆರಾಗಳು ಜಾಗ ಉಳಿಸಲು ಬೆಳಕಿನ ವಿವರವನ್ನು 1920×1080ರಲ್ಲಿ ಬರೆದುಕೊಂಡರೂ ಬಣ್ಣದ ವಿವರವನ್ನು 960×540ರಲ್ಲಿ ಮಾತ್ರ ಬರೆದುಕೊಳ್ಳುತ್ತವೆ. ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣ. ಒಳ್ಳೆಯ ಪರದೆ ಇದನ್ನು ಮರೆಮಾಚದೆ ತೋರಿಸುತ್ತದೆ. 4ಕೆಯಲ್ಲಿ ಚಿತ್ರೀಕರಿಸಿ ಫುಲ್ ಎಚ್‌ಡಿಗೆ ಇಳಿಸಿದರೆ ಸೆರಗು ತಿಳಿಯಾಗುತ್ತದೆ.

ಸ್ಟುಡಿಯೋದವರು ಹೆಚ್ಚು ಕೇಳುವ ದೂರು ಇನ್ನೊಂದಿದೆ. “ಅಣ್ಣಾ, ಮೊಬೈಲ್‌ನ್ಯಾಗ ಚಲೋ ಕಾಣಸ್ತಿದ್ವು, ಆಲ್ಬಮ್‌ನ್ಯಾಗ ಯಾಕ ಕಪ್ಪ ಬಂದಾವ?” ಬಯ್ಯಿಸಿಕೊಳ್ಳುವುದು ಲ್ಯಾಬು. ಕಾರಣ ಬಹಳ ಸಲ ಮಾನಿಟರಿನ ಬ್ರೈಟ್‌ನೆಸ್. ಕಾರ್ಖಾನೆಯಿಂದ ಬಂದಾಗ ಅದು ಅಂಗಡಿಯಲ್ಲಿ ಎದ್ದು ಕಾಣಲೆಂದು ಏರಿಸಿಟ್ಟದ್ದು, ಚದರ ಮೀಟರಿಗೆ 250–300 ಕ್ಯಾಂಡೆಲಾ. ಪ್ರಿಂಟಿಗಾಗಿ ಕೆಲಸ ಮಾಡುವವರಿಗೆ 120ರ ಆಸುಪಾಸು ಸಾಕು. ಎರಡು ಪಟ್ಟು ಬೆಳಗುವ ಪರದೆಯಲ್ಲಿ ಸರಿಯೆನಿಸಿದ ಫೋಟೋ ಕಾಗದದ ಮೇಲೆ ಕಪ್ಪಾಗಿ ಬೀಳದೆ ಏನಾಗುತ್ತದೆ? ಅಳೆಯುವ ಉಪಕರಣವಿಲ್ಲದಿದ್ದರೂ ಒಂದು ಉಪಾಯವುಂಟು. ಕೋಣೆಯ ಬಿಳಿ ದೀಪದ ಕೆಳಗೆ ಒಂದು ಖಾಲಿ ಬಿಳಿ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯ ಬಿಳಿ ಆ ಹಾಳೆಯಷ್ಟೇ ಕಾಣುವತನಕ ಬ್ರೈಟ್‌ನೆಸ್ ಇಳಿಸುತ್ತ ಬನ್ನಿ. ಬಣ್ಣದ ತಾಪಮಾನ 6500ರಲ್ಲಿರಲಿ. ‘ಕೂಲ್’ ಎಂಬ ನೀಲಿ ಛಾಯೆಯ ಸೆಟ್ಟಿಂಗಿನಲ್ಲಿ ಕೆಲಸ ಮಾಡಿದವರು ತಿಳಿಯದೆಯೇ ಮುಖಗಳಿಗೆ ಹಳದಿ ಬೆರೆಸುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಿಸಿಲಲ್ಲಿ ದುಡಿದ ನಮ್ಮ ಜನರ ಮೈಬಣ್ಣ ಕಂದು, ಗಾಢ ಕಂದು. ಫೈಲಿನಲ್ಲಿ 128 ಎಂಬ ಅಂಕಿ ಇದ್ದರೆ ಪರದೆ ಅರ್ಧ ಬೆಳಕು ಕೊಡುವುದಿಲ್ಲ. ಗ್ಯಾಮಾ 2.2 ಎಂಬ ನಿಯಮದಂತೆ ಸುಮಾರು ಶೇಕಡ 22ರಷ್ಟು ಕೊಡುತ್ತದೆ. ಮಾನಿಟರಿನ ಗ್ಯಾಮಾ 2.6ಕ್ಕೆ ಜಾರಿದ್ದರೆ ಅದೇ ಅಂಕಿಗೆ ಶೇಕಡ 17 ಮಾತ್ರ. ಇನ್ನೂ ಗಾಢ ಛಾಯೆಗಳಲ್ಲಿ ವ್ಯತ್ಯಾಸ ಮತ್ತಷ್ಟು. ಕೆನ್ನೆಯ ಹೊಳಪು, ಹಣೆಯ ಗೆರೆ, ಮೂಗುತಿಯ ನೆರಳು ಎಲ್ಲ ಒಂದು ಕಪ್ಪು ಮುದ್ದೆಯಾಗುತ್ತವೆ. ಆಗ ಎಡಿಟರ್ ಮುಖವನ್ನು ಬೆಳ್ಳಗೆ ಮಾಡುತ್ತಾನೆ, ಮದುಮಗಳು ತನ್ನದಲ್ಲದ ಮುಖ ಹೊತ್ತು ಆಲ್ಬಮ್ಮಿನಲ್ಲಿ ಕೂರುತ್ತಾಳೆ. ಕಳೆದ ಶತಮಾನದಲ್ಲಿ ಕೊಡ್ಯಾಕ್ ತನ್ನ ಲ್ಯಾಬುಗಳಿಗೆ ಬಣ್ಣ ಸರಿಪಡಿಸಲು ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ಗಳಲ್ಲಿ ಇದ್ದದ್ದು ಬಿಳಿ ಹೆಣ್ಣಿನ ಮುಖ. ಅದನ್ನೇ ಪ್ರಮಾಣವೆಂದು ಹಿಡಿದದ್ದರಿಂದ ಕಪ್ಪು ಜನರ ಮುಖಗಳು ದಶಕಗಳ ಕಾಲ ಸರಿಯಾಗಿ ಮೂಡಲಿಲ್ಲ. ಇಂದು ಪ್ರಮಾಣ ನಮ್ಮ ಮೇಜಿನ ಮೇಲೆಯೇ ಇದೆ. ಅದನ್ನು ಸರಿ ಇಟ್ಟುಕೊಳ್ಳುವುದು ನಮ್ಮವರ ಮುಖಗಳಿಗೆ ನಾವು ಕೊಡುವ ಮರ್ಯಾದೆ.

ಜಾಹೀರಾತಿನ ಉಳಿದ ಅಂಕಿಗಳನ್ನು ಬೇಗ ದಾಟಿಬಿಡಬಹುದು. ಲಕ್ಷ, ಕೋಟಿಗಟ್ಟಲೆಯ ‘ಡೈನಾಮಿಕ್ ಕಾಂಟ್ರಾಸ್ಟ್’ ಲೆಕ್ಕಕ್ಕಿಲ್ಲ. 300 ಕ್ಯಾಂಡೆಲಾದ ಮಾನಿಟರಿನ ಮೇಲಿನ ‘ಎಚ್‌ಡಿಆರ್’ ಚೀಟಿಗೆ ಬೆಲೆ ಕೊಡಬೇಡಿ. 165 ಹರ್ಟ್ಸ್ ಆಟಗಾರರಿಗೆ. ಆದರೆ ಹರ್ಟ್ಸ್ ವಿಚಾರದಲ್ಲಿ ಉಪಯೋಗಕ್ಕೆ ಬರುವ ಒಂದು ಸೂಕ್ಷ್ಮವಿದೆ. ನಮ್ಮ ಕರೆಂಟು 50 ಹರ್ಟ್ಸ್. ಮಂಟಪದ ದೀಪಗಳು ಮಿನುಗದಿರಲೆಂದು ಸೆಕೆಂಡಿಗೆ 25 ಅಥವಾ 50 ಚೌಕಟ್ಟುಗಳಲ್ಲಿ ಚಿತ್ರೀಕರಿಸುವುದು ರೂಢಿ. 60 ಹರ್ಟ್ಸ್ ಪರದೆಯಲ್ಲಿ 25 ಚೌಕಟ್ಟು ಸಮನಾಗಿ ಹಂಚಿಕೆಯಾಗುವುದಿಲ್ಲ. ಕೆಲವು ಚೌಕಟ್ಟು ಎರಡು ಸಲ, ಕೆಲವು ಮೂರು ಸಲ ಬಂದು, ಕ್ಯಾಮೆರಾ ಅತ್ತಿತ್ತ ತಿರುಗುವ ಶಾಟ್‌ಗಳಲ್ಲಿ ಸಣ್ಣ ಕುಲುಕಾಟ ಕಾಣುತ್ತದೆ. ಅಗ್ಗದ ಮಾನಿಟರುಗಳಲ್ಲೂ ಈಗ ಸಾಮಾನ್ಯವಾಗಿರುವ 75 ಅಥವಾ 100 ಹರ್ಟ್ಸ್‌ಗೆ ಹಾಕಿದರೆ ಪ್ರತಿ ಚೌಕಟ್ಟಿಗೂ ಸರಿಯಾಗಿ ಮೂರು ಅಥವಾ ನಾಲ್ಕು ಸಲ. ಕುಲುಕಾಟ ಮಾಯ. ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದಾಗ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಬಣ್ಣದ ಶ್ರೇಣಿ 16–235ರ ಬದಲು ಪೂರ್ಣ 0–255 ಇದೆಯೇ ಎಂದೂ ನೋಡಿಕೊಳ್ಳಿ. ಇಲ್ಲದಿದ್ದರೆ ಕಪ್ಪೆಲ್ಲ ಬೂದಿಯಾಗಿ ಕಾಣುತ್ತದೆ.

ದುಡ್ಡಿನ ಮಾತು. ಹತ್ತು–ಹನ್ನೆರಡು ಸಾವಿರದೊಳಗೆ ಮುಗಿಸಬೇಕಾದವರಿಗೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ಸಾಕು. ಹಳೆಯ ಮಾನಿಟರನ್ನು ಎಸೆಯದೆ ಪಕ್ಕದಲ್ಲಿಟ್ಟು ಟೂಲ್ ಪಟ್ಟಿಗಳನ್ನೂ ಕ್ಲಿಪ್ಪುಗಳನ್ನೂ ಅದಕ್ಕೆ ಸರಿಸಿದರೆ ಅಗಲದ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಇಪ್ಪತ್ತು ಸಾವಿರದ ಆಸುಪಾಸು ಹಾಕಬಲ್ಲವರು 29 ಇಂಚಿನ ಅಲ್ಟ್ರಾವೈಡಿಗೆ ಮನಸೋಲದೆ 27 ಇಂಚಿನ 2560×1440ರ ಚಪ್ಪಟೆ ಐಪಿಎಸ್ ತರಲಿ. ಫೋಟೋ, ವಿಡಿಯೋ ಎರಡನ್ನೂ ಮಾಡುವವರಿಗೆ ನನ್ನ ಮೊದಲ ಆಯ್ಕೆ ಅದೇ. ಆಲ್ಬಮ್ಮೇ ಉಸಿರಾದವರು ಇನ್ನಷ್ಟು ಕೂಡಿಟ್ಟು 34 ಇಂಚಿನ 3440×1440ರ ಐಪಿಎಸ್‌ಗೆ ಹೋಗಬಹುದು. 32 ಇಂಚು ಮೀರಿದ ಮಾನಿಟರುಗಳ ಮೇಲಿದ್ದ ಶೇಕಡ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿದೆ. ಮೂಲಬೆಲೆ 25,000 ರೂಪಾಯಿಯಾದರೆ ಉಳಿತಾಯ 2,500. ಆಸುಸ್‌ನ ಪ್ರೊಆರ್ಟ್, ಬೆನ್‌ಕ್ಯೂನ ಪಿಡಿ ಸಾಲು, ಡೆಲ್‌ನ ಅಲ್ಟ್ರಾಶಾರ್ಪ್ ಇವು ಬಣ್ಣದ ಕೆಲಸಕ್ಕೆಂದೇ ಮಾಡಿದವು. ಕಾರ್ಖಾನೆಯಲ್ಲೇ ಅಳೆದ ವರದಿ ಸಾಮಾನ್ಯವಾಗಿ ಜೊತೆಗೆ ಬರುತ್ತದೆ. ಅದರಲ್ಲಿ ‘ಡೆಲ್ಟಾ ಇ’ 2ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ಗೊತ್ತಾಗುವಂಥ ದೋಷವಿಲ್ಲ ಎಂದರ್ಥ.

ನಮ್ಮ ಸೀಮೆಗೇ ವಿಶೇಷವಾದ ಎರಡು ಮಾತು. ಹೆಚ್ಚಿನ ಮಾನಿಟರುಗಳ ಕೈಪಿಡಿಯಲ್ಲಿ 40 ಡಿಗ್ರಿಯವರೆಗಿನ ಕೋಣೆಯಲ್ಲಿ ಬಳಸಿ ಎಂದಿರುತ್ತದೆ. ರಾಯಚೂರು ಜಿಲ್ಲೆಯ ಏಪ್ರಿಲ್–ಮೇ ಬಿಸಿಲು ಅದನ್ನು ದಾಟುತ್ತದೆ, ತಗಡಿನ ಚಾವಣಿಯ ಕೋಣೆಯ ಮಾತಂತೂ ಬೇಡ. ಹಿಂದಿನ ಗಾಳಿಕಿಂಡಿ ಗೋಡೆಗೆ ಒತ್ತದಿರಲಿ, ಮಧ್ಯಾಹ್ನದ ದೊಡ್ಡ ರೆಂಡರ್ ರಾತ್ರಿಗೆ ಹೋಗಲಿ. ಭತ್ತದ ಕಟಾವಿನ ಧೂಳು ಕೂತರೆ ಒಣ ಮೈಕ್ರೊಫೈಬರ್ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಸ್ಪಿರಿಟ್ ಹಚ್ಚಿದರೆ ಪ್ರತಿಫಲನ ತಡೆಯುವ ಲೇಪ ಹಾಳಾಗುತ್ತದೆ. 27 ಇಂಚಿನದು ಸುಮಾರು 30 ವ್ಯಾಟ್ ಮಾತ್ರ ಎಳೆಯುವುದರಿಂದ ಇರುವ ಯುಪಿಎಸ್ ಮೇಲೆ ಹೆಚ್ಚಿನ ಹೊರೆ ಬೀಳುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಎಂಥ ಮಾನಿಟರಾದರೂ ವರ್ಷ ಕಳೆದಂತೆ ಬಣ್ಣ ಜಾರುತ್ತದೆ. ಅದನ್ನು ಅಳೆದು ಸರಿಪಡಿಸುವ ಕಲರಿಮೀಟರ್ ಎಂಬ ಪುಟ್ಟ ಉಪಕರಣಕ್ಕೆ ಹತ್ತು–ಇಪ್ಪತ್ತು ಸಾವಿರ ರೂಪಾಯಿ, ಅಂದರೆ ಒಂದು ಮಾನಿಟರಿನಷ್ಟೇ ಬೆಲೆ. ಒಬ್ಬರಿಗೆ ಅದು ಭಾರ. ಆದರೆ ಒಂದು ಪರದೆಗೆ ಅದು ಬೇಕಾಗುವುದು ತಿಂಗಳಿಗೆ ಅರ್ಧ ತಾಸು. ಅದನ್ನು ನಡೆಸುವ ಡಿಸ್‌ಪ್ಲೇಕ್ಯಾಲ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಛಾಯಾಗ್ರಾಹಕರು ಕೂಡಿ ಚಂದಾ ಹಾಕಿ ತಾಲ್ಲೂಕಿಗೊಂದು ಕಲರಿಮೀಟರ್ ಕೊಂಡು, ಸರದಿಯ ಮೇಲೆ ಸ್ಟುಡಿಯೋದಿಂದ ಸ್ಟುಡಿಯೋಗೆ ದಾಟಿಸಿಕೊಳ್ಳಿ. ಮುಂದಿನ ಮದುವೆ ಹಂಗಾಮು ಶುರುವಾಗುವ ಮುನ್ನ ಈ ಕೆಲಸ ಆಗಲಿ.